ಹೆಸರಿನ ಕೆಳಗೆ ಒಂದು ಸಾಲು

ಹುಬ್ಬಳ್ಳಿ,
ತಾ. ೧೪ ಜೂನ್ ೧೯೩೫

ಶ್ರೀಮಾನ್ ಏಕನಾಥರಾಯರಿಗೆ (ಒಂದು ಕಾಲಕ್ಕೆ ಏಕ್ಯಾ ಆಗಿದ್ದವರಿಗೆ) ತ್ರ್ಯಂಬಕನ ಅನೇಕ ನಮಸ್ಕಾರಗಳು.

ನಾನು ಕಳ್ಳ. ಈ ಮಾತನ್ನು ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಹೊಟ್ಟೆ ತುಂಬ ಊಟವಾದ ಮೇಲೆ ಬರೆಯುತ್ತಿದ್ದೇನೆ. ಮಾರ್ಚ್ ತಿಂಗಳ ಮೊದಲ ಸೋಮವಾರದಿಂದ ಮೇ ತಿಂಗಳ ಕೊನೆಯವರೆಗೆ ನಮ್ಮ ಸಾವಕಾರರ ಹತ್ತಿಯನ್ನು ಚಿಟಿಕೆ ಚಿಟಿಕೆಯಾಗಿ, ಒಟ್ಟು ನಾಲ್ಕುನೂರಾ ಹನ್ನೆರಡು ಚಿಟಿಕೆ ಕದ್ದಿದ್ದೇನೆ. ಎಲ್ಲ ಕೂಡಿಸಿದರೂ ಒಂದು ದಿಂಬಿನ ಮೂಲೆ ತುಂಬಲಿಕ್ಕಿಲ್ಲ. ಆದರೆ ಕಳವಿನ ಕಾಯದೆಯಲ್ಲಿ ದಿಂಬಿನ ಅಳತೆ ಹೇಳಿಲ್ಲವಂತೆ.

ಆರು ವರ್ಷ ಒಂದು ಸಾಲೂ ಬರೆಯದವನು ಈಗ ಇದನ್ನೇಕೆ ಬರೆದ ಎಂದು ನೀನು ಕನ್ನಡಕ ಒರೆಸಿಕೊಳ್ಳುತ್ತಿರಬಹುದು. ಹೇಳುತ್ತೇನೆ. ನಿನಗೆ ಕಾಲೇಜು ಸಿಕ್ಕಿತು, ನನಗೆ ಮುರುಗೆಪ್ಪ ಆಂಡ್ ಸನ್ಸ್ ಅವರ ಜಿನ್ನು ಸಿಕ್ಕಿತು. ಹತ್ತಿಯಿಂದ ಬೀಜ ಬೇರೆ ಮಾಡುವ ಜಾಗದಲ್ಲಿ ಬೀಜಗಣಿತ ಕಲಿತವನನ್ನು ರವಾನೆ ಚೀಟಿ ಬರೆಯಲು ಕೂರಿಸಿದ್ದಾರೆ. ದಿನಕ್ಕೆ ನೂರೈವತ್ತು ಚೀಟಿ. ಬರೆ, ಸಹಿ ಮಾಡು, ಮೊಹರು ಒತ್ತು. ಬರೆ, ಸಹಿ ಮಾಡು, ಮೊಹರು ಒತ್ತು. ಹತ್ತಿಯ ಕೆಲಸ ಹತ್ತಿತು. ನಾನು ಮಾತ್ರ ಮೇಲೆ ಹತ್ತಲಿಲ್ಲ.

ಇಲ್ಲಿ ಉಸ್ಮಾನಸಾಬ ಎಂಬ ಮುದುಕನಿದ್ದಾನೆ. ಬಂದ ಹತ್ತಿಯನ್ನು ನೋಡಿ ದರ್ಜೆ ಹೇಳುವುದು ಅವನ ಕೆಲಸ. ಒಂದು ಚಿಟಿಕೆ ಹತ್ತಿಯನ್ನು ಎರಡೂ ಹೆಬ್ಬೆರಳಿನ ನಡುವೆ ಹಿಡಿದು, ಎಳೆದು, ಮತ್ತೆ ಎಳೆದು, ಎಳೆಯ ಉದ್ದ ಇಷ್ಟು ಎಂದು ಹೇಳುತ್ತಾನೆ. ಪಟ್ಟಿಯಿಲ್ಲ, ಭೂತಗನ್ನಡಿಯಿಲ್ಲ. ಅವನು ಹೇಳಿದ್ದನ್ನು ನಾನು ಗುಟ್ಟಾಗಿ ಬರೆದಿಟ್ಟುಕೊಂಡು, ಅದೇ ಚಿಟಿಕೆಯನ್ನು ಕದ್ದು, ಊಟದ ಬಿಡುವಿನಲ್ಲಿ ಗಾಜಿನ ಪಟ್ಟಿಯ ಮೇಲೆ ಹರಡಿ ಅಳೆದೆ. ನಾಲ್ಕುನೂರಾ ಹನ್ನೆರಡರಲ್ಲಿ ಮುನ್ನೂರಾ ತೊಂಬತ್ತರಲ್ಲಿ ಅವನ ಬೆರಳು ನನ್ನ ಪಟ್ಟಿಗೆ ಅಂಗುಲದ ಮೂವತ್ತೆರಡನೆಯ ಒಂದು ಪಾಲೂ ತಪ್ಪಲಿಲ್ಲ. ಉಳಿದ ಇಪ್ಪತ್ತೆರಡರಲ್ಲಿ ತಪ್ಪಿದ್ದು ಪಟ್ಟಿಯೇ ಇರಬೇಕೆಂದು ನನಗೆ ಅನುಮಾನ.

ಇದನ್ನು ಇಂಗ್ಲಿಷಿನಲ್ಲಿ ಹದಿನೆಂಟು ಪುಟ ಬರೆದಿದ್ದೇನೆ. ಪುಣೆಯ ಒಂದು ಶಾಸ್ತ್ರೀಯ ತ್ರೈಮಾಸಿಕಕ್ಕೆ ಕಳಿಸಬೇಕೆಂದಿದ್ದೇನೆ. ಲೆಕ್ಕವನ್ನೂ ವ್ಯಾಕರಣವನ್ನೂ ನೀನು ಒಮ್ಮೆ ನೋಡಬೇಕು. ಇದು ಮೊದಲನೆಯ ಬೇಡಿಕೆ. ಎರಡನೆಯದು ತೊಡಕಿನದು. ಲೇಖಕನ ಹೆಸರಿನ ಕೆಳಗೆ ಅವನು ಕೆಲಸ ಮಾಡುವ ಸಂಸ್ಥೆಯ ಹೆಸರು ಇರತಕ್ಕದ್ದು ಎಂದು ಅವರ ನಿಯಮ. ನನಗೆ ಹೆಸರಿದೆ, ಕೆಳಗೆ ಏನು ಹಾಕಲಿ?

ಜಿನ್ನಿನ ಹೆಸರು ಹಾಕಿದರೆ ಕೆಲಸ ಹೋಗುತ್ತದೆ. ಎಳೆಯ ಉದ್ದವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮ ಪೇಟೆಯಲ್ಲಿ ಇಲ್ಲ. ಮಾರುವವನ ಕೈ, ಕೊಳ್ಳುವವನ ಕೈ, ಮೇಲೊಂದು ವಲ್ಲಿ. ವ್ಯಾಪಾರವೆಲ್ಲ ಆ ಬಟ್ಟೆಯ ಕೆಳಗೆ ಬೆರಳುಗಳಲ್ಲೇ ಮುಗಿಯುತ್ತದೆ. ಸಾವಕಾರ ನೀಲಕಂಠಪ್ಪನವರು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ ಒಂದು ಮಾತು ಹೇಳಿದ್ದರು: "ಗೇಟಿನ ಒಳಗಿಂದು ಗೇಟಿನ ಒಳಗ ಇರಬೇಕ್ರಿ ರಾಯರ." ನಾನು ಗೇಟಿನ ಒಳಗಿನದನ್ನು ಪುಣೆಯಲ್ಲಿ ಅಚ್ಚು ಹಾಕಿಸಲು ಹೊರಟಿದ್ದೇನೆ.

ಲಗೂನ ಬರೆ.

ನಿನ್ನವನು ಎನ್ನಬಹುದಾದರೆ ನಿನ್ನವ,
ತ್ರ್ಯಂಬಕ

◆

ಧಾರವಾಡ,
ತಾ. ೨೦ ಜೂನ್ ೧೯೩೫

ತ್ರ್ಯಂಬಕನಿಗೆ ಏಕನಾಥನ ನಮಸ್ಕಾರ.

ನಿನ್ನ ಪತ್ರ, ಹದಿನೆಂಟು ಪುಟ, ಎರಡೂ ತಲುಪಿದವು. ಪತ್ರದಲ್ಲಿ ನಿನ್ನ ಸಹಿಯ ಕೆಳಗೆ 'ಮುರುಗೆಪ್ಪ ಆಂಡ್ ಸನ್ಸ್, ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್, ಹುಬ್ಬಳ್ಳಿ' ಎಂದು ನೇರಳೆ ಮೊಹರು ಬಿದ್ದಿದೆ. ನನ್ನನ್ನು ಗೆಳೆಯನೆಂದು ತಿಳಿದು ಬರೆದೆಯೋ ಹತ್ತಿಯ ಗಂಟೆಂದು ತಿಳಿದು ರವಾನಿಸಿದೆಯೋ ಗೊತ್ತಾಗಲಿಲ್ಲ. ಆರು ವರ್ಷದ ಮೇಲೆ ಬಂದದ್ದು; ಯಾವ ರೂಪದಲ್ಲಿ ಬಂದರೂ ಇಳಿಸಿಕೊಂಡಿದ್ದೇನೆ.

ಲೆಕ್ಕ ಸರಿಯಿದೆ. ಏಳನೆಯ ಪುಟದಲ್ಲಿ ಒಂದು ಭಾಗಾಕಾರ ಮಾತ್ರ ತಪ್ಪಿತ್ತು, ತಿದ್ದಿದ್ದೇನೆ. ಇಂಗ್ಲಿಷಿನಲ್ಲಿ ನೀನು ಅಲ್ಲಲ್ಲಿ ನಗೆಯಾಡಿದ್ದೀ, ಅವನ್ನು ತೆಗೆದಿದ್ದೇನೆ. ಪುಣೆಯವರು ಹತ್ತಿಯ ವಿಷಯದಲ್ಲಿ ನಗುವುದಿಲ್ಲ.

ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ಇದು ಒಳ್ಳೆಯ ಕೆಲಸ. ನಾನು ಈ ಆರು ವರ್ಷದಲ್ಲಿ ಅಚ್ಚು ಮಾಡಿಸಿದ ಎರಡು ಲೇಖನಗಳನ್ನು ಕೂಡಿಸಿದರೂ ಇದಕ್ಕೆ ಸಮ ಬರಲಿಕ್ಕಿಲ್ಲ.

ಇನ್ನು ಹೆಸರಿನ ಕೆಳಗಿನ ಸಾಲು. ಜಿನ್ನಿನ ಹೆಸರು ಹಾಕಬೇಡ. ಹಾಕಿದರೆ ಅಲ್ಲಿ ನಗುತ್ತಾರೆ, ಇಲ್ಲಿ ನಿನ್ನ ಸಾವಕಾರರು ನಗುವುದಿಲ್ಲ. ಮೂರು ಮಕ್ಕಳ ತಂದೆ ನೀನು. ನಮ್ಮ ಪ್ರಾಚಾರ್ಯರಿಗೆ ನಾನು ಒಂದು ಮಾತು ಹೇಳುತ್ತೇನೆ. ನಿನ್ನನ್ನು ನಮ್ಮ ಶಾಖೆಯ ಗೌರವ ಕಾರ್ಯಕರ್ತನೆಂದು ತೋರಿಸಿ ಕಾಲೇಜಿನ ಹೆಸರು ಹಾಕಬಹುದು. ಸಣ್ಣ ಸುಳ್ಳು. ಯಾರಿಗೂ ನೋವಿಲ್ಲ. ಒಂದು ಪೋಸ್ಟ್‌ಕಾರ್ಡು ಬರೆದರೆ ಸಾಕು.

ಹನ್ನೆರಡು ಮೈಲಿಗೆ ರೈಲು ದಿನಾಲು ಓಡುತ್ತದೆ. ನೀನು ಧಾರವಾಡಕ್ಕೆ ಬರುವುದಿಲ್ಲವೆಂದು ಗೊತ್ತು. ನನಗೆ ಹುಬ್ಬಳ್ಳಿಗೆ ಬರಲು ಮುಖವಿಲ್ಲವೆಂದು ನಿನಗೂ ಗೊತ್ತು. ನಡುವೆ ರಾಯಾಪುರವಿದೆ ಎಂದು ಸುಮ್ಮನೆ ಬರೆದಿದ್ದೇನೆ.

ನಿನ್ನ,
ಏಕನಾಥ

◆

ಹುಬ್ಬಳ್ಳಿ,
ತಾ. ೯ ಜುಲೈ ೧೯೩೫

ಏಕನಾಥನಿಗೆ,

ಕಳಿಸಿಬಿಟ್ಟೆ. ಈ ಮಧ್ಯಾಹ್ನ, ಕಚೇರಿಯಲ್ಲೇ ಕುಳಿತು, ರವಾನೆ ಚೀಟಿಗಳ ನಡುವೆ ಕೊನೆಯ ಸಲ ಓದಿ, ಸಹಿ ಮಾಡಿ, ಲಕೋಟೆಗೆ ಹಾಕಿ, ನಾನೇ ಟಪಾಲು ಕಚೇರಿಗೆ ಹೋಗಿ ರಜಿಸ್ಟರ್ ಮಾಡಿದೆ. ಕೊನೆಯಲ್ಲಿ ನಿನಗೂ ನಿನ್ನ ಕಾಲೇಜಿಗೂ ಉಪಕಾರ ಸ್ಮರಿಸಿದ್ದೇನೆ, ಇಲ್ಲವೆನ್ನಬೇಡ.

ಹೆಸರಿನ ಕೆಳಗೆ ನಿನ್ನ ಕಾಲೇಜಿನ ಹೆಸರು ಹಾಕಲಿಲ್ಲ. ಜಿನ್ನಿನ ಹೆಸರನ್ನೇ ನನ್ನ ಕೈಯಾರೆ ಹಾಕಿದ್ದೇನೆ. ಏಕೆಂದು ಕೇಳು. ಹತ್ತಿ ಸಾವಕಾರರದು. ಬೆರಳು ಉಸ್ಮಾನಸಾಬನದು. ಸೂರು, ಧೂಳು, ಕೆಮ್ಮು ಎಲ್ಲ ಜಿನ್ನಿನದು. ಕಾಲೇಜಿನದು ಎಂದು ಹೇಳಲು ಆ ಹದಿನೆಂಟು ಪುಟದಲ್ಲಿ ನೀನು ತಿದ್ದಿದ ಒಂದು ಭಾಗಾಕಾರ ಮಾತ್ರ ಇದೆ. ಕೆಲಸ ಎಲ್ಲಿ ನಡೆಯಿತೋ ಅಲ್ಲಿಯ ಹೆಸರು ಹಾಕದವನು ಹತ್ತಿಯಷ್ಟೇ ಅಲ್ಲ, ಹತ್ತಿಯ ಜೊತೆ ಊರನ್ನೂ ಕದ್ದಂತೆ. ನಮ್ಮದೂ ಪ್ರೆಸ್ಸೇ. ನಿಮ್ಮ ಪ್ರೆಸ್ಸಿನಿಂದ ಪುಸ್ತಕ ಬರುತ್ತದೆ, ನಮ್ಮ ಪ್ರೆಸ್ಸಿನಿಂದ ಗಂಟು ಬರುತ್ತದೆ. ಓದುವವರು ಕಡಿಮೆ ಎಂಬಲ್ಲಿ ಎರಡೂ ಒಂದೇ.

ಮನೆಯಲ್ಲಿ ಹೆಂಡತಿ ಅಂಬಾಬಾಯಿಗೆ ಹೇಳಿದೆ. ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, "ಧೈರ್ಯ ಛಲೋ ಅದ. ಕೆಲಸ ಹೋದರ ಧೈರ್ಯದ ರೊಟ್ಟಿ ಮಾಡಲಿಕ್ಕೆ ಬರತದೋ ಇಲ್ಲೋ ನೋಡೋಣು" ಎಂದಳು.

ರಾಯಾಪುರದ ಮಾತು ಓದಿದೆ. ಇನ್ನೂ ಸ್ವಲ್ಪ ದಿನ ಹೋಗಲಿ.

ನಿನ್ನ,
ತ್ರ್ಯಂಬಕ

◆

ಹುಬ್ಬಳ್ಳಿ,
ತಾ. ೬ ಮಾರ್ಚ್ ೧೯೩೬

ಏಕನಾಥ,

ಎಂಟು ತಿಂಗಳು ಸದ್ದಿಲ್ಲದೆ ಕುಳಿತಿದ್ದ ತ್ರೈಮಾಸಿಕ ಮೊನ್ನೆ ಬಂತು. ನನ್ನ ಲೇಖನ ನಲವತ್ತೊಂದನೆಯ ಪುಟದಲ್ಲಿದೆ. ಮೇಲೆ ನನ್ನ ಹೆಸರು. ಅದರ ಕೆಳಗೆ ಓರೆ ಅಕ್ಷರದಲ್ಲಿ: ಮುರುಗೆಪ್ಪ ಆಂಡ್ ಸನ್ಸ್, ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್, ಹುಬ್ಬಳ್ಳಿ.

ಅದನ್ನು ನೋಡಿದ ಕೂಡಲೇ ನನ್ನ ಕೈಕಾಲು ತಣ್ಣಗಾದವು. ನೀನೇ ಹಾಕಿದ್ದನ್ನು ನೋಡಿ ನೀನೇ ಏಕೆ ಹೆದರಿದೆ ಎಂದು ಕೇಳಬೇಡ. ಅದನ್ನು ವಿವರಿಸುವ ಸ್ಥಿತಿಯಲ್ಲಿ ನಾನಿಲ್ಲ. ಪುಸ್ತಕವನ್ನು ಚೀಟಿಗಳ ಕೆಳಗೆ ಸೇರಿಸಿ, ಇದು ಹುಬ್ಬಳ್ಳಿಯಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದು ಧೈರ್ಯ ಹೇಳಿಕೊಂಡೆ. ಆ ಧೈರ್ಯ ನಾಲ್ಕು ಗಂಟೆಯವರೆಗೆ ಬಾಳಿತು.

ನಾಲ್ಕಕ್ಕೆ ಸಾವಕಾರರು ಬಂದು ನನ್ನ ಮೇಜಿನ ಮುಂದೆ ನಿಂತರು. ಅವರ ಕೈಯಲ್ಲಿ ಅದೇ ಪುಸ್ತಕ. ನಮ್ಮ ಹತ್ತಿ ಕೊಳ್ಳುವ ಮುಂಬಯಿಯ ದಲಾಲ ಕಳಿಸಿದ್ದನಂತೆ. ಅವರಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಪ್ರತಿ ಗಂಟಿನ ಮೇಲೆ ಮೂವತ್ತು ವರ್ಷದಿಂದ ನೋಡಿದ ಆ ಅಕ್ಷರಗಳನ್ನು ಅವರು ಎಲ್ಲಿ ಕಂಡರೂ ಗುರುತು ಹಿಡಿಯುತ್ತಾರೆ.

"ಇದು ನಮ್ಮ ಹೆಸರಲ್ಲೇನ್ರಿ, ರಾಯರ?"

"ಹೌದ್ರಿ."

"ಇದನ್ನ ಇಲ್ಲೆ ಯಾರು ಹಾಕಿದರು?"

ನಾನು ಕೈಗೆ ಸಿಕ್ಕ ಚೀಟಿಯನ್ನು ಎಳೆದುಕೊಂಡು ಸಹಿ ಮಾಡತೊಡಗಿದೆ. ಅವರು ಪುಸ್ತಕವನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು ಹೊರಟುಹೋದರು. ಅವತ್ತಿನಿಂದ ಜಿನ್ನಿಗೆ ಬಂದಿಲ್ಲ. ಉಸ್ಮಾನಸಾಬನೂ ನನ್ನ ಕಡೆ ನೋಡಿ ತಲೆಯಾಡಿಸುತ್ತಾನೆಯೇ ಹೊರತು ಮಾತಾಡುವುದಿಲ್ಲ.

ಅಂಬಾಬಾಯಿ ದೊಡ್ಡ ಟ್ರಂಕಿನ ಧೂಳು ಒರೆಸಿಟ್ಟಿದ್ದಾಳೆ. ಊರಿಗೆ ಹೋಗುವುದಕ್ಕಲ್ಲ, ಸುಮ್ಮನೆ ಒರೆಸಿದೆ ಎನ್ನುತ್ತಾಳೆ. ಮಗಳು ಸುಲಭಾ ಮುಂದಿನ ವರ್ಷ ಇಂಗ್ಲಿಷ್ ಸಾಲಿಗೆ ಹೋಗಬೇಕು. ಧಾರವಾಡದಲ್ಲಿ ಯಾವುದಾದರೂ ಶಾಲೆಯಲ್ಲಿ ಗಣಿತದ ಮಾಸ್ತರರ ಜಾಗ ಖಾಲಿಯಿದ್ದರೆ ತಿಳಿಸು. ಆರು ವರ್ಷದ ಹಿಂದೆ ನಿನಗೆ ಏನು ಅಂದಿದ್ದೆನೋ ಅದನ್ನು ಮರೆತು ತಿಳಿಸು.

ತ್ರ್ಯಂಬಕ

◆

ಧಾರವಾಡ,
ತಾ. ೧೫ ಮಾರ್ಚ್ ೧೯೩೬

ಪ್ರಿಯ ತ್ರ್ಯಂಬಕ,

ಮಾಸ್ತರಿಕೆಯನ್ನು ಹುಡುಕಲು ಹೋಗುವ ಮೊದಲೇ ನಿನ್ನ ಸಾವಕಾರರು ನನ್ನನ್ನು ಹುಡುಕಿಕೊಂಡು ಬಂದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅರ್ಥವನ್ನು ನೀನೇ ಮಾಡಿಕೋ.

ಗುರುವಾರ ಪ್ರಯೋಗಶಾಲೆಯಲ್ಲಿದ್ದೆ. ದೊಡ್ಡ ರುಮಾಲು ಸುತ್ತಿದ ಎತ್ತರದ ವ್ಯಕ್ತಿಯೊಬ್ಬರು ಬಾಗಿಲಲ್ಲಿ ಕಾಲ್ಮರಿ ಕಳಚಿಟ್ಟು ಒಳಗೆ ಬಂದರು. ಕಾಲೇಜಿನಲ್ಲಿ ಕಾಲ್ಮರಿ ಕಳಚುವವರನ್ನು ನಾನು ನೋಡಿರಲಿಲ್ಲ. ವಲ್ಲಿ ಬಿಚ್ಚಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು, ಲೇಖನದ ಕೊನೆಗೆ ನಿಮ್ಮ ಹೆಸರಿದೆ ಎಂದು ದಲಾಲನ ಗುಮಾಸ್ತ ಹೇಳಿದ್ದಕ್ಕೆ ಬಂದೆ, ಇದನ್ನು ಕನ್ನಡದಲ್ಲಿ ಓದಿ ಹೇಳಬೇಕು ಎಂದರು. ಬರೆದವರು ನಿಮ್ಮಲ್ಲೇ ಇದ್ದಾರಲ್ಲ ಎಂದೆ. ಅದಕ್ಕೆ ಅವರು, "ಬರದವರ ಕಡೆ ಓದಿಸಿದರ ಅವರು ತಮಗ ಬೇಕಾದ್ದ ಓದತಾರ್ರಿ" ಎಂದರು.

ಎರಡು ಗಂಟೆ ಹಿಡಿಯಿತು. ಕೋಷ್ಟಕಗಳನ್ನೂ ಬಿಡಲು ಬಿಡಲಿಲ್ಲ. ಸುಳ್ಳ ಗ್ರಾಮದ ಹತ್ತಿ ಎಂದು ಬಂದಲ್ಲೆಲ್ಲ ಉದ್ದ ಎಷ್ಟು ಎಂದು ಕೇಳಿ, ಕಣ್ಣು ಮುಚ್ಚಿ ತಲೆಯಾಡಿಸಿದರು. ಉಸ್ಮಾನಸಾಬನ ಬೆರಳೂ ಪಟ್ಟಿಯೂ ಒಂದೇ ಬಂದವೆಂಬ ಮಾತನ್ನು ಮೂರು ಸಲ ಓದಿಸಿದರು. ಕೊನೆಗೆ ಮೊದಲನೆಯ ಪುಟ ತೆಗೆದು, "ನಮ್ಮಪ್ಪನ ಹೆಸರ ಎಲ್ಲೈತಿ, ಬೆರಳ ಇಟ್ಟ ತೋರಸ್ರಿ" ಎಂದರು. ತೋರಿಸಿದೆ. ಅದರ ಮೇಲೆ ತಮ್ಮ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಸವರಿದರು.

ಆಮೇಲೆ ಕೇಳಿದರು, ಇದನ್ನು ರಾಯರು ಏಕೆ ಹಾಕಿದರು ಎಂದು. ನಿನ್ನ ಜುಲೈ ತಿಂಗಳ ಪತ್ರ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾನು ಅದರಲ್ಲಿದ್ದದ್ದನ್ನೇ ಹೇಳಿದೆ. ಕಾಲೇಜಿನ ಹೆಸರು ಹಾಕು ಎಂದು ನಾನೇ ಹೇಳಿದ್ದೆ, ಅವನು ಒಪ್ಪಲಿಲ್ಲ. ಕೆಲಸ ಎಲ್ಲಿ ನಡೆಯಿತೋ ಅಲ್ಲಿಯ ಹೆಸರೇ ಇರಬೇಕೆಂದು, ಕೆಲಸ ಹೋದೀತೆಂದು ಗೊತ್ತಿದ್ದೂ, ತನ್ನ ಕೈಯಾರೆ ಹಾಕಿದ ಎಂದೆ.

ಅವರು ಎದ್ದರು. ನನ್ನ ಬಲಗೈ ಹಿಡಿದು, ಅದರ ಮೇಲೆ ವಲ್ಲಿ ಹೊದಿಸಿ, ಬಟ್ಟೆಯ ಕೆಳಗೆ ನನ್ನ ಐದೂ ಬೆರಳು ಕೂಡಿಸಿ ಒಮ್ಮೆ ಗಟ್ಟಿಯಾಗಿ ಒತ್ತಿ, ಗದಗಿನ ಗಾಡಿಗೆ ಹೊತ್ತಾಯಿತೆಂದು ಹೊರಟುಹೋದರು. ಅದರ ಅರ್ಥವೇನು? ನನಗೆ ರಾತ್ರಿಯೆಲ್ಲ ಅದೇ ಯೋಚನೆ.

ಆರು ವರ್ಷದ ಹಿಂದಿನ ಮಾತನ್ನು ಮರೆ ಎಂದು ಬರೆದಿದ್ದೀ. ಮರೆತಿಲ್ಲ. ಇಬ್ಬರೂ ಅರ್ಜಿ ಹಾಕಿದ ಜಾಗ ನನಗೆ ಸಿಕ್ಕ ದಿನ ಕಾಲೇಜಿನ ಪಾವಟಿಗೆಗಳ ಮೇಲೆ ನಿಂತು ನೀನು ಅಂದದ್ದು ಇದು: "ಏಕ್ಯಾ, ನಿನ್ನ ಹೆಸರಿನ ಕೆಳಗ ಕಾಲೇಜಿನ ಹೆಸರಲ್ಲ, ನಿಮ್ಮ ಪಂಢರಿನಾಥ ಕಾಕಾನ ಹೆಸರು ಬರೀಬೇಕು." ಅವತ್ತು ನನಗೆ ಸಿಟ್ಟು ಬಂದದ್ದು ಅದು ಖರೇ ಇದ್ದುದಕ್ಕೆ. ಕಾಕಾ ನನ್ನ ಶಿಫಾರಸಿಗೆ ಎರಡು ಮನೆಗೆ ಹೋಗಿ ಬಂದಿದ್ದರು. ನನಗೆ ಗೊತ್ತಿತ್ತು. ನಿನಗೆ ಕಾಲೇಜಿನ ಹೆಸರು ಕೊಡಲು ಹೊರಟದ್ದು ನಿನ್ನ ಉಪಕಾರಕ್ಕೆ ಮಾತ್ರವಲ್ಲ ಎಂದು ಈಗ ಬರೆದರೆ ನಿನಗೆ ಆಶ್ಚರ್ಯವಾಗಲಿಕ್ಕಿಲ್ಲ. ನೀನು ಬೇಡವೆಂದೆ. ನಿನ್ನಷ್ಟು ಎದೆ ನನಗಿಲ್ಲ.

ನಿನ್ನ,
ಏಕನಾಥ

◆

ಗದಗ,
ತಾ. ೧೯ ಮಾರ್ಚ್ ೧೯೩೬

ತ್ರ್ಯಂಬಕರಾಯರಿಗೆ ನೀಲಕಂಠಪ್ಪ ಮುರುಗೆಪ್ಪನ ಶರಣಾರ್ಥಿ. ಇಲ್ಲೆ ಎಲ್ಲಾ ಕ್ಷೇಮ.

ಗದಗ ಪ್ಯಾಟ್ಯಾಗ ಹತ್ತಿ ಇನ್ನೂ ಹಸಿ ಐತಿ. ಹತ್ತ ದಿವಸ ಇರಬೇಕಾಗೇತಿ, ಅದಕ್ಕ ಬರದೇನಿ. ನನ್ನ ಅಕ್ಷರ ಛಲೋ ಇಲ್ಲ, ಸಂಬಾಳಿಸಿಕೊಂಡ ಓದ್ರಿ.

ನೀವು ಹತ್ತಿ ಒಯ್ಯೂದು ನನಗ ಆವಾಗ ಗೊತ್ತಿತ್ತು. ಉಸ್ಮಾನಸಾಬ ಮೊದಲನೇ ದಿನಾನ ಹೇಳಿದ್ದ. ರಾಯರಿಗೆ ಅತ್ತರ ಹಚ್ಚಿ ಕಿವ್ಯಾಗ ಇಟಗೊಳ್ಳಾಕ ಬೇಕಾಗಿರಬೇಕು ಬಿಡು ಅಂದಿದ್ದೆ.

ಎಳಿ ಉದ್ದ ಬಾಯಿಬಿಟ್ಟ ಹೇಳಬಾರದು ಅನ್ನೂದು ನಮ್ಮಪ್ಪನ ಕಾಲದ ರೀತಿ. ನೀವು ಮುರದೀರಿ. ಆದರ ಮುಂಬಯಿ ದಲಾಲ ಬರದಾನ, ನಿಮ್ಮ ಉಸ್ಮಾನಸಾಬ ಹೇಳಿದ್ದು ಪಟ್ಟಿಗೆ ತಾಳೆ ಆಗೇತಿ, ಇನ್ನ ಮ್ಯಾಲ ನಿಮ್ಮ ಗಂಟ ಬಿಚ್ಚಿ ನೋಡೂದಿಲ್ಲ, ಮಾತಿನ ಮ್ಯಾಲ ತಗೋತೇವಿ ಅಂತ. ಮೂವತ್ತ ವರ್ಷ ವಲ್ಲಿ ಕೆಳಗ ಹೇಳಿದ್ದು ಖರೇ ಇತ್ತು ಅಂತ ನೀವು ವಲ್ಲಿ ತಗದ ತೋರಿಸಿದಿರಿ. ಕೇಳದ ಹಾಕಿದ್ದಕ್ಕ ಸಿಟ್ಟ ಐತಿ. ಹಾಕಿದ್ದಕ್ಕ ಇಲ್ಲ.

ನಮ್ಮಪ್ಪಗ ಸಹಿ ಬರತಿರಲಿಲ್ಲ. ಹೆಬ್ಬೆಟ್ಟ ಒತ್ತತಿದ್ದ. ಅವನ ಹೆಸರ ಓದಿದವರ ಪುಸ್ತಕದಾಗ ಬಂದೈತಿ. ಕಾಲೇಜ ಬಿಟ್ಟ ಅವನ ಹೆಸರ ಬೇಕಂತ ನೀವು ಹಾಕಿದಿರಿ ಅಂತ ಧಾರವಾಡದ ಮಾಸ್ತರ ಹೇಳಿದರು. ಅದನ್ನ ನಾ ಮರಿಯೂದಿಲ್ಲ.

ತೂಕದ ಕಾಂಟಾದ ಮಗ್ಗಲ ಕ್ವಾಣಿ ಖಾಲಿ ಐತಿ. ನಿಮ್ಮ ಅಳತಿ ಕೆಲಸ ಅಲ್ಲೆ ಮಾಡ್ರಿ. ಊಟದ ಹೊತ್ತಿನ್ಯಾಗ ಊಟ ಮಾಡ್ರಿ. ಮುಂದಿನ ಸಲ ಉಸ್ಮಾನಸಾಬನ ಹೆಸರೂ ಬರಬೇಕು, ಕೆಳಗಲ್ಲ, ನಿಮ್ಮ ಹೆಸರಿನ ಮಗ್ಗಲ.

ನೀಲಕಂಠಪ್ಪ

◆

ಹುಬ್ಬಳ್ಳಿ,
ತಾ. ೨೮ ಮಾರ್ಚ್ ೧೯೩೬

ಪ್ರಿಯ ಏಕ್ಯಾ,

ಐದೂ ಬೆರಳು ಕೂಡಿಸಿ ಒತ್ತಿದರೆ ವ್ಯಾಪಾರ ಕುದುರಿತು ಎಂದು ಅರ್ಥ. ನೀನು ನನ್ನನ್ನು ಮಾರಿದ್ದೀ, ಅವರು ಕೊಂಡಿದ್ದಾರೆ. ಸಾವಕಾರರ ಪತ್ರದ ನಕಲು ಜೊತೆಗಿದೆ. ಓದಿ ನೀನೂ ಒಮ್ಮೆ ಉಸಿರು ಬಿಡು. ನಾನು ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಚೀಟಿಗಳೆಲ್ಲ ಹಾರಿಹೋಗಿ ಅರ್ಧ ಗಂಟೆ ಆರಿಸಬೇಕಾಯಿತು. ಅಂಬಾಬಾಯಿ ಟ್ರಂಕನ್ನು ಮತ್ತೆ ಅಟ್ಟಕ್ಕೆ ಏರಿಸಿದಳು. ಏರಿಸುವ ಮೊದಲು ಅದರಲ್ಲಿ ಮಡಚಿಟ್ಟಿದ್ದ ಮಕ್ಕಳ ಬಟ್ಟೆಗಳನ್ನು ಹೊರಗೆ ತೆಗೆದಳು. ನಾನು ನೋಡಲಿಲ್ಲವೆಂದು ತಿಳಿದಿದ್ದಾಳೆ.

ಯುಗಾದಿಯ ದಿನ ಕೋಣೆಯ ಬೀಗ ತೆಗೆದೆವು. ಗೋಣಿಚೀಲ, ಎರಡು ಮುರಿದ ಗಾಲಿ, ಒಂದು ಬೆಕ್ಕಿನ ಸಂಸಾರ ಹೊರಗೆ ಹೋಗಿ ನಾನೂ ಉಸ್ಮಾನಸಾಬನೂ ಒಳಗೆ ಬಂದೆವು. ಅವನ ಹೆಸರು ಇನ್ನು ಮುಂದೆ ಪುಣೆಯಲ್ಲಿ ಅಚ್ಚಾಗುತ್ತದೆ ಎಂದು ಹೇಳಿದೆ. ಅವನು ತನ್ನ ಎರಡು ಹೆಬ್ಬೆರಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡು, "ಆ ಇಪ್ಪತ್ತೆರಡರಾಗ ಪಟ್ಟೀನ ತಪ್ಪೇತ್ರಿ ರಾವಸಾಬ, ಅದನ್ನೂ ಅಚ್ಚ ಹಾಕಸ್ರಿ" ಎಂದ.

ಪೇಟೆಯಲ್ಲಿ ಈಗ ನನ್ನದೇ ಮಾತು. ಕಾಲೇಜನ್ನು ಒಲ್ಲೆನೆಂದು ಜಿನ್ನಿನ ಹೆಸರನ್ನು ಎದೆತಟ್ಟಿ ಹಾಕಿದ ಗಂಡಸು ಎಂದು ದಲಾಲರು ಬೆರಳು ಮಾಡಿ ತೋರಿಸುತ್ತಾರೆ. ನಾನೂ ಬೇಡವೆನ್ನುವುದಿಲ್ಲ. ರುಮಾಲನ್ನು ಎರಡು ಅಂಗುಲ ಎತ್ತರಿಸಿ ಕಟ್ಟುತ್ತಿದ್ದೇನೆ. ಹೆಸರಿನ ಕೆಳಗೆ ಏನಿರಬೇಕೆಂದು ಯಾರಿಗಾದರೂ ಸಂದೇಹವಿದ್ದರೆ ನನ್ನನ್ನು ಕೇಳಬಹುದು.

ನಿನ್ನ ಕಾಕಾನ ಮಾತನ್ನು ಬಿಡು. ಆ ಸಿಟ್ಟಿನಲ್ಲಿ ಅರ್ಧ ಹೊಟ್ಟೆಕಿಚ್ಚಿತ್ತು. ನನಗೆ ಅಂಥ ಕಾಕಾ ಇದ್ದಿದ್ದರೆ ಎರಡಲ್ಲ, ನಾಲ್ಕು ಮನೆಗೆ ಕಳಿಸುತ್ತಿದ್ದೆ. ಏಪ್ರಿಲ್ ಐದರ ಭಾನುವಾರ ಮುಂಜಾನೆ ಒಂಬತ್ತಕ್ಕೆ ನಾನು ಸೈಕಲ್ಲಿನ ಮೇಲೆ ರಾಯಾಪುರಕ್ಕೆ ಬರುತ್ತೇನೆ. ನೀನು ಆ ಕಡೆಯಿಂದ ಬಾ. ಅಂಬಾಬಾಯಿ ಹೋಳಿಗೆ ಕಟ್ಟಿಕೊಡುತ್ತಾಳೆ. ನಿನಗೆ ಮೂರು ಎಂದಿದ್ದಾಳೆ, ದಾರಿಯಲ್ಲಿ ಒಂದು ಕಡಿಮೆಯಾದರೆ ನಾನು ಮೊದಲೇ ಕಳ್ಳನೆಂದು ಬರೆದುಕೊಟ್ಟಿದ್ದೇನೆ.

ನಿನ್ನ,
ತ್ರ್ಯಂಬಕ

ತಾ.ಕ.: ಇಷ್ಟು ಬರೆದು ಲಕೋಟೆ ಅಂಟಿಸುವಷ್ಟರಲ್ಲಿ ಟಪಾಲಿನವನು ಬಂದ. ಪುಣೆಯವರು ನನ್ನ ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದ್ದಾರೆ. ಮೊದಲನೆಯ ಪುಟದಲ್ಲಿ ತಲೆಬರಹ, ಅದರ ಕೆಳಗೆ ನನ್ನ ಸಹಿ. ಸಹಿಯ ಕೆಳಗೆ ನೇರಳೆ ಬಣ್ಣದಲ್ಲಿ, ಎಡಕ್ಕೆ ತುಸು ವಾಲಿ, ನಮ್ಮ ಕಚೇರಿಯ ಮೊಹರು. ಪಕ್ಕದಲ್ಲಿ ಸಂಪಾದಕರ ಪೆನ್ಸಿಲ್: 'ಸಂಸ್ಥೆ ಇದೇ ಏನು?' ಅದರ ಕೆಳಗೆ ಇನ್ನೊಬ್ಬರ ಕೈ: 'ಇದೇ ಇರಬೇಕು.'

ಆ ಪುಸ್ತಕ ನೋಡಿದ ದಿನ ಕೈಕಾಲು ಏಕೆ ತಣ್ಣಗಾದವು ಎಂದು ಈಗ ಹೇಳುತ್ತೇನೆ. ಆ ಜುಲೈ ಮಧ್ಯಾಹ್ನ ಪೆನ್ನು ಮೂರು ಸಲ ಎತ್ತಿದೆ. ಕಾಲೇಜಿನ ಹೆಸರು ಬರೆಯಲು ನಾಚಿಕೆಯಾಯಿತು. ಜಿನ್ನಿನ ಹೆಸರು ಬರೆಯಲು ಅಂಜಿಕೆಯಾಯಿತು. ಸುಮ್ಮನೆ ಸಹಿ ಮಾಡಿದೆ. ಆಮೇಲೆ ಕೈ ದಿನಕ್ಕೆ ನೂರೈವತ್ತು ಸಲ ಮಾಡುವುದನ್ನೇ ಇನ್ನೊಂದು ಸಲ ಮಾಡಿರಬೇಕು. ನಾನು ನೋಡಲಿಲ್ಲ. ಸಂಜೆ ನಿನಗೆ ಬರೆದ ಪತ್ರದಲ್ಲಿ 'ಕೈಯಾರೆ' ಎಂಬ ಮಾತೊಂದೇ ಖರೇ.

ಸಾವಕಾರರು ನಾಳೆ ಗದಗಿನಿಂದ ಬರುತ್ತಾರೆ. ಅವರಿಗೆ ಇದನ್ನು ಹೇಗೆ ಹೇಳಬೇಕೆಂದು ರಾಯಾಪುರಕ್ಕೆ ಬರುವ ದಾರಿಯಲ್ಲಿ ಯೋಚಿಸಿಕೊಂಡು ಬಾ. ನನ್ನ ಎದೆಯನ್ನು ಹೊಗಳಿ ಬರೆದ ಆ ಸಾಲನ್ನು ಬೇಕಾದರೆ ಹಿಂದಕ್ಕೆ ತೆಗೆದುಕೋ. ನಾನು ಆ ಜಾಗವನ್ನು ಖಾಲಿ ಬಿಟ್ಟಿದ್ದೆ, ಏಕ್ಯಾ.